ಒಂದು ನಾಲ್ಕು ಜಿ.ಬಿ. ಕೊಡಿ

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ ಅಡುಗೆಮನೆಗೆ ಹೋಗಿ, ಹಾಲು ಕಾಯಿಸಿ, ಕಾಫಿ ಬೆರೆಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಆ ನೀಲಿ ಉಂಗುರ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ನುಡಿಯಲ್ಲಿ ಒಂದು ಸಾಲು ಟೈಪ್ ಮಾಡಿದರೆ, ನಾನು ಕೀಲಿ ಒತ್ತಿ ಮುಗಿಸಿ ಕೈ ಕಟ್ಟಿಕೊಂಡು ಕೂತ ಮೇಲೆ ಅಕ್ಷರಗಳು ಒಂದೊಂದಾಗಿ ಬರುತ್ತಿದ್ದವು. ಇದು 2019ರ ಮಾತು. ಬೇಸಿಗೆ ರಜೆ ಮುಗಿದು ಶಾಲೆಗಳು ಶುರುವಾಗಿದ್ದ ಸಮಯ.

ಆ ಕಂಪ್ಯೂಟರನ್ನು ನಾನು 2013ರಲ್ಲಿ ನಿವೃತ್ತಳಾದಾಗ ಬಂದ ಹಣದಲ್ಲಿ ಕೊಂಡಿದ್ದೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಬೆರಳಚ್ಚುಗಾರ್ತಿಯಾಗಿದ್ದವಳು ನಾನು. ಮನೆಯಲ್ಲಿ ಸುಮ್ಮನೆ ಕೂತರೆ ಬೆರಳು ಕಡಿಯುತ್ತಿತ್ತು. ನಮ್ಮಮ್ಮ ಹೇಳುತ್ತಿದ್ದ ಅಡುಗೆ, ಮನೆಮದ್ದು, ಬಾಣಂತಿ ಆರೈಕೆ ಎಲ್ಲವನ್ನೂ ನೆನಪಾದಾಗಲೆಲ್ಲ ಅದರಲ್ಲಿ ಟೈಪ್ ಮಾಡಿ ಇಡುತ್ತಿದ್ದೆ. ಮಧ್ಯಾಹ್ನ ಮೂರೂವರೆಯ ತನಕ ಕಂಪ್ಯೂಟರ್ ನನ್ನದು. ಶಾಲೆ ಬಸ್ಸು ಬಂದು ನಿಂತ ಮೇಲೆ ಮೊಮ್ಮಗನದು. ಅವನಿಗೆ ಆಗ ಹನ್ನೆರಡು ವರ್ಷ, ಏಳನೇ ತರಗತಿ. ಮನೆಯಲ್ಲಿ ಎಲ್ಲರಿಗೂ ಅವನು ಪುಟ್ಟ. ಈಗ ನನಗಿಂತ ಒಂದು ಮೊಳ ಎತ್ತರ ಇದ್ದಾನೆ, ಆದರೂ ಪುಟ್ಟನೇ.

ಕಂಪ್ಯೂಟರ್ ಯಾಕೆ ನಿಧಾನವಾಗಿದೆ ಎಂದು ನನಗೆ ಗೊತ್ತಿತ್ತು. ಅಂದರೆ, ಗೊತ್ತಿದೆ ಎಂದುಕೊಂಡಿದ್ದೆ. ಪುಟ್ಟ ಆಟ ತುಂಬಿಸಿ ತುಂಬಿಸಿ ಅದನ್ನು ಹಾಳು ಮಾಡಿದ್ದಾನೆ, ಅಷ್ಟೇ. ಬೇಸಿಗೆ ರಜೆಯಲ್ಲಿ ದಿನಾ ಸಂಜೆ ಅದರ ಮುಂದೆಯೇ ಇರುತ್ತಿದ್ದನಲ್ಲ! "ನಾನು ಆಟ ಆಡ್ತಿಲ್ಲ ಅಜ್ಜಿ, ಮಾಡ್ತಿದೀನಿ" ಎಂದು ಎರಡು ಮೂರು ಸಲ ಹೇಳಿದ್ದ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ದಿನ ಅವನು ಶಾಲೆಗೆ ಹೋದ ಮೇಲೆ, ಮನೆ ಗುಡಿಸುವ ಹಾಗೆ ಕಂಪ್ಯೂಟರನ್ನೂ ಗುಡಿಸಿಬಿಡೋಣ ಎಂದು ಕೂತೆ. ಅವನ ಹೆಸರಿನ ಫೋಲ್ಡರ್ ಒಳಗೆ "ಬೆಕ್ಕು" ಎಂಬ ಇನ್ನೊಂದು ಫೋಲ್ಡರ್ ಇತ್ತು. ತೆರೆದೂ ನೋಡಲಿಲ್ಲ. ಶಿಫ್ಟ್ ಕೀಲಿ ಹಿಡಿದು ಡಿಲೀಟ್ ಒತ್ತಿದೆ. ಹಾಗೆ ಒತ್ತಿದರೆ ಕಸದ ಬುಟ್ಟಿಗೂ ಹೋಗದೆ ನೇರವಾಗಿ ಅಳಿಸಿಹೋಗುತ್ತದೆ ಎಂದು ಕಚೇರಿಯಲ್ಲಿ ಯಾರೋ ಕಲಿಸಿಕೊಟ್ಟಿದ್ದರು. ಆ ವಿದ್ಯೆ ಅಂದು ಉಪಯೋಗಕ್ಕೆ ಬಂತು. ಖಾಲಿಯಾದ ಜಾಗಕ್ಕೆ ನಮ್ಮ ನೆಂಟರ ಮದುವೆಯ ವಿಡಿಯೊ ಡಿಸ್ಕುಗಳನ್ನು ಒಂದೊಂದಾಗಿ ತುಂಬಿಸಿದೆ.

ಸಂಜೆ ಪುಟ್ಟ ಬಂದ. ಹುಡುಕಿದ. ಇನ್ನೊಂದು ಸಲ ಹುಡುಕಿದ.

"ಅಜ್ಜಿ, ಬೆಕ್ಕು ಎಲ್ಲಿ?"

"ಅಳಿಸಿಬಿಟ್ಟೆ ಕಣೋ. ಆಟದಿಂದಲೇ ಇದು ಹೀಗಾಗಿರೋದು."

ಅದು ಎಲ್ಲಿಂದಲೋ ಇಳಿಸಿಕೊಂಡ ಆಟವಲ್ಲ. ರಜೆಯಿಡೀ ಕೂತು ಅವನೇ ಮಾಡಿದ್ದ ಆಟ. ಸ್ಕ್ರಾಚ್ ಎಂಬ ತಂತ್ರಾಂಶ ನಿಮ್ಮಲ್ಲಿ ಕೆಲವರಿಗೆ ಶಾಲೆಯಲ್ಲಿ ಪರಿಚಯವಾಗಿರಬಹುದು. ಅಮೆರಿಕದ ಎಂಐಟಿಯವರು 2007ರಲ್ಲಿ ಮಕ್ಕಳಿಗೆಂದು ಹೊರತಂದದ್ದು, ಉಚಿತ. ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಆಟವನ್ನೋ ಕಥೆಯನ್ನೋ ಮಕ್ಕಳೇ ಮಾಡಿಕೊಳ್ಳಬಹುದು. ಪುಟ್ಟನ ಆಟದಲ್ಲಿ ಬೆಕ್ಕೊಂದು ಅಟ್ಟದ ಮೇಲೆ ಇಲಿ ಹಿಡಿಯುತ್ತಿತ್ತಂತೆ. ಏಳು ಹಂತ ಮುಗಿಸಿದ್ದನಂತೆ. ಇದನ್ನೆಲ್ಲ ಆಮೇಲೆ ನನ್ನ ಸೊಸೆ ಹೇಳಿದಳು. ಅವನು ಏನೂ ಹೇಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಕೂಗಾಡಿದ್ದರೆ ಗದರಬಹುದಿತ್ತು. ಅವನು ಕಂಪ್ಯೂಟರ್ ಆಫ್ ಮಾಡಿ, ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿ, ಹೊರಗೆ ಹೋದ.

ಅಳಿಸಿದ ಕೂಡಲೇ ಕಂಪ್ಯೂಟರ್ ಮುಟ್ಟದೆ ಬಿಟ್ಟಿದ್ದರೆ ಆ ಕಡತಗಳನ್ನು ಮರಳಿ ಪಡೆಯುವ ಸಾಧ್ಯತೆ ಇರುತ್ತಿತ್ತಂತೆ. ನಾನು ಅದರ ಮೇಲೆಯೇ ಮದುವೆ ಊಟದ ಪಂಕ್ತಿಗಳನ್ನು ಹರಡಿಬಿಟ್ಟಿದ್ದೆ.

ಇಷ್ಟೆಲ್ಲ ಆದ ಮೇಲೆ ಕಂಪ್ಯೂಟರ್ ಚುರುಕಾಯಿತೇ? ಇಲ್ಲ. ಮರುದಿನ ಬೆಳಿಗ್ಗೆಯೂ ಕಾಫಿ ಕುಡಿದು ಲೋಟ ತೊಳೆದು ಬಂದರೆ ಅದೇ ಉಂಗುರ, ಅದೇ ಸುತ್ತು. ಮಗ, "ಅಮ್ಮ, ಅದನ್ನ ಗುಜರಿಗೆ ಹಾಕು, ದೀಪಾವಳಿಗೆ ಹೊಸದು ತರೋಣ" ಎಂದ. ಮನೆ ಸಾಲದ ಕಂತು ಕಟ್ಟುತ್ತಿದ್ದವನ ಬಾಯಲ್ಲಿ ಆ ಮಾತು ಬಂದದ್ದಕ್ಕೇ ನನಗೆ ಹೊಸದು ಬೇಡ ಅನ್ನಿಸಿತು.

ನಾಲ್ಕನೆಯ ದಿನ ಪುಟ್ಟ ತಾನಾಗಿಯೇ ಕಂಪ್ಯೂಟರ್ ಹತ್ತಿರ ಬಂದ. ಶಾಲೆಯ ಕಂಪ್ಯೂಟರ್ ಮಿಸ್ಸನ್ನು ಕೇಳಿಕೊಂಡು ಬಂದಿದ್ದ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದ. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯಿತು. ಅದರಲ್ಲಿ ಮೆಮೊರಿ ಎಂಬಲ್ಲಿ ಒತ್ತಿದಾಗ ಬಂದ ಲೆಕ್ಕ ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಇರುವುದು 2 ಜಿ.ಬಿ., ಅದರಲ್ಲಿ ಶೇಕಡಾ 93 ಆಗಲೇ ಖರ್ಚಾಗಿತ್ತು. ನುಡಿಯನ್ನು ಇನ್ನೂ ತೆರೆದೇ ಇರಲಿಲ್ಲ!

"ಜಾಗ ಖಾಲಿ ಮಾಡಿದೆನಲ್ಲೋ?"

"ಅದು ಹಾರ್ಡ್ ಡಿಸ್ಕ್ ಅಜ್ಜಿ. ಇದು ಬೇರೆ. ಇದು ರ‍್ಯಾಮ್."

ನನಗೆ ಅರ್ಥವಾಗಲಿಲ್ಲ. ಅವನು ಸುತ್ತ ನೋಡಿ, ಅಡುಗೆಮನೆ ತೋರಿಸಿದ. "ಹಾರ್ಡ್ ಡಿಸ್ಕ್ ಅಂದ್ರೆ ನಿನ್ನ ಉಗ್ರಾಣ. ರ‍್ಯಾಮ್ ಅಂದ್ರೆ ಒಲೆ ಪಕ್ಕದ ಕಟ್ಟೆ. ಉಗ್ರಾಣದಲ್ಲಿ ಎಷ್ಟು ಜಾಗ ಇದ್ರೂ ಕಟ್ಟೆ ಚಿಕ್ಕದಾದ್ರೆ ಏನ್ಮಾಡ್ತೀಯ? ಒಂದು ಡಬ್ಬ ಒಳಗಿಟ್ಟು ಇನ್ನೊಂದು ತರಬೇಕು. ತಿರುಗಾ ಅದನ್ನ ಇಟ್ಟು ಮೊದಲಿಂದು ತರಬೇಕು. ಇದೂ ಹಾಗೇ ಓಡಾಡ್ತಿದೆ. ಗರಗರ ಅಂತ ಶಬ್ದ ಬರತ್ತಲ್ಲ, ಅದೇ."

ನೂರು ಜನರ ಅಡುಗೆ ಮಾಡಿಸಿದ ನನಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿರಲಿಲ್ಲ. 2013ರಲ್ಲಿ ನಮ್ಮ ಕೆಲಸಕ್ಕೆ 2 ಜಿ.ಬಿ. ಸಾಕಾಗಿತ್ತು. ಆಮೇಲೆ ರಿಪೇರಿಯ ಹುಡುಗನೊಬ್ಬ ವಿಂಡೋಸ್ 10 ಹಾಕಿಕೊಟ್ಟು ಹೋಗಿದ್ದ. 64 ಬಿಟ್‌ನ ವಿಂಡೋಸ್ 10ಕ್ಕೆ ಕನಿಷ್ಠ 2 ಜಿ.ಬಿ. ಬೇಕೇ ಬೇಕು. ಅಂದರೆ ಮನೆಯ ಯಜಮಾನನೇ ಕಟ್ಟೆಯ ತುಂಬ ಕಾಲು ಚಾಚಿ ಮಲಗಿದ ಮೇಲೆ ಪಾತ್ರೆ ಇಡುವುದೆಲ್ಲಿ? ಪುಟ್ಟನ ಬೆಕ್ಕು ಪಾಪ ಉಗ್ರಾಣದ ಒಂದು ಮೂಲೆಯಲ್ಲಿ ಮಲಗಿತ್ತು. ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಆ ಹೊತ್ತಿನಲ್ಲೇ "ತಪ್ಪಾಯ್ತು ಕಣೋ" ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಹೇಳುವ ಬದಲು, ಮರುದಿನ ಅವನು ಶಾಲೆಯಿಂದ ಬರುವಷ್ಟರಲ್ಲಿ ರ‍್ಯಾಮ್ ತಂದಿಟ್ಟು ಅವನನ್ನು ಬೆರಗುಗೊಳಿಸಬೇಕು ಎಂದುಕೊಂಡೆ. ನಮ್ಮ ಬಡಾವಣೆಯಲ್ಲೇ ಇದ್ದ ಒಂದು ಅಂಗಡಿಗೆ ಹೋಗಿ, "ಒಂದು ನಾಲ್ಕು ಜಿ.ಬಿ. ಕೊಡಿ" ಎಂದೆ, ಕಾಲು ಕೆ.ಜಿ. ಕಾಫಿಪುಡಿ ಕೇಳುವ ಹಾಗೆ. ಅಂಗಡಿಯ ಹುಡುಗ ಯಾವ ಕಂಪ್ಯೂಟರ್ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. 1,900 ರೂಪಾಯಿ. ಒಂದು ಗೇಣಿಗಿಂತ ಚಿಕ್ಕದಾದ ಹಸಿರು ಪಟ್ಟಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ.

ಸಂಜೆ ಪುಟ್ಟ ಡಬ್ಬದ ಪಕ್ಕದ ಬಾಗಿಲು ಬಿಚ್ಚಿ, ಟಾರ್ಚ್ ಹಿಡಿಯಲು ನನಗೆ ಕೊಟ್ಟ. ಹಳೆಯ ಪಟ್ಟಿಯ ಪಕ್ಕ ಇನ್ನೊಂದು ಖಾಲಿ ಗಾಡಿ ಇತ್ತು. ಹೊಸದನ್ನು ಅದರ ಮೇಲೆ ಹಿಡಿದ. ಕೂರಲಿಲ್ಲ. ತಿರುಗಿಸಿ ಹಿಡಿದ. ಆಗಲೂ ಇಲ್ಲ.

"ಸ್ವಲ್ಪ ಜೋರಾಗಿ ಒತ್ತೋ."

"ಬೇಡ ಅಜ್ಜಿ, ಮುರಿಯತ್ತೆ. ಇದು ಇದರದಲ್ಲ."

ಎರಡನ್ನೂ ಪಕ್ಕಪಕ್ಕದಲ್ಲಿ ಹಿಡಿದು ತೋರಿಸಿದ. ಉದ್ದ ಒಂದೇ. ಆದರೆ ಕೆಳಗಿನ ಚಿನ್ನದ ಬಣ್ಣದ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ, ಆ ಕಚ್ಚು ಎರಡರಲ್ಲೂ ಬೇರೆ ಬೇರೆ ಜಾಗದಲ್ಲಿತ್ತು. ಅಂಗಡಿಗೆ ವಾಪಸ್ ಒಯ್ದರೆ, ಪೊಟ್ಟಣ ಒಡೆದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಪಿಂಚಣಿಯ 1,900 ರೂಪಾಯಿ ಹೋಯಿತು. ಬೇರೆ ದಿನವಾಗಿದ್ದರೆ ಪುಟ್ಟ ನಗುತ್ತಿದ್ದ. ಅಂದು ನಗಲಿಲ್ಲ. ಅದು 1,900ಕ್ಕಿಂತ ಹೆಚ್ಚು ಚುಚ್ಚಿತು.

ಶನಿವಾರ ಅರ್ಧ ದಿನ ಶಾಲೆ. "ನಡಿ, ಇಬ್ಬರೂ ಹೋಗೋಣ. ನೀನು ಹೇಳಿದ್ದೇ ತಗೊಳ್ಳೋಣ" ಎಂದೆ. ಅವನು ಮೊದಲು ತಯಾರಿ ಮಾಡಿದ. ಟಾಸ್ಕ್ ಮ್ಯಾನೇಜರಿನಲ್ಲಿ ಒಟ್ಟು ಎಷ್ಟು ಗಾಡಿಗಳಿವೆ, ಎಷ್ಟು ತುಂಬಿವೆ ಎಂಬುದೂ ಕಾಣುತ್ತದೆ. ನಮ್ಮದು ಎರಡರಲ್ಲಿ ಒಂದು. ವೇಗ 1333. ಇನ್ನೊಂದು ಕಡೆ ಹೋಗಿ ವಿಂಡೋಸ್ 64 ಬಿಟ್‌ನದೇ ಎಂದೂ ಖಾತ್ರಿ ಮಾಡಿಕೊಂಡ. ಅದು 32 ಬಿಟ್‌ನದಾಗಿದ್ದರೆ ಎಷ್ಟೇ ಮೆಮೊರಿ ತಂದು ತುಂಬಿದರೂ 4 ಜಿ.ಬಿ. ದಾಟಿ ಬಳಸಲು ಅದಕ್ಕೆ ಬರುವುದಿಲ್ಲ. ಮದರ್‌ಬೋರ್ಡಿನ ಮೇಲೆ ಅಚ್ಚಾಗಿದ್ದ ಹೆಸರನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡ. ಕೊನೆಗೆ ಕರೆಂಟ್ ವೈರ್ ಕಿತ್ತು, ಡಬ್ಬದ ಕಬ್ಬಿಣವನ್ನು ಒಮ್ಮೆ ಮುಟ್ಟಿ, ಹಳೆಯ ಪಟ್ಟಿಯನ್ನೇ ಬಿಚ್ಚಿಕೊಂಡ. ನಮ್ಮ ಮೈಯಲ್ಲಿ ಕೂತಿರುವ ಸ್ಥಿರವಿದ್ಯುತ್ ಅದಕ್ಕೆ ಬಡಿದರೆ ಕೆಡಬಹುದು, ಅದಕ್ಕೇ ಮೊದಲು ಕಬ್ಬಿಣ ಮುಟ್ಟುವುದು. ಬ್ಲೌಸಿಗೆ ಅಳತೆ ಬ್ಲೌಸ್ ಒಯ್ಯುವ ಹಾಗೆ ಹಳೆಯದನ್ನೇ ಒಯ್ಯುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ ಎಂದು ನನಗೆ ಈಗಲೂ ಅನಿಸುತ್ತದೆ.

ಬಸ್ಸಿನಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಎಂಟು ಕಪ್ಪು ಬಿಲ್ಲೆಗಳು, ಅಷ್ಟೇ. ಆ ಬಿಲ್ಲೆಗಳೊಳಗೆ ಒಂದೊಂದು ಬಿಟ್‌ಗೂ ಒಂದೊಂದು ಪುಟ್ಟ ಕೊಡ ಇದೆ ಎಂದುಕೊಳ್ಳಿ. ಕೊಡದಲ್ಲಿ ವಿದ್ಯುತ್ತಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಐಬಿಎಂ ಕಂಪನಿಯ ರಾಬರ್ಟ್ ಡೆನ್ನಾರ್ಡ್ ಎಂಬುವರು ಯೋಚಿಸಿ ಕಂಡುಕೊಂಡ ಉಪಾಯ, 1968ರಲ್ಲಿ ಪೇಟೆಂಟ್ ಸಿಕ್ಕಿತು. ತಮಾಷೆ ಏನೆಂದರೆ ಇವೆಲ್ಲ ಸೋರುವ ಕೊಡಗಳು! ಸೋರಿ ಬರಿದಾಗುವ ಮೊದಲೇ ಪ್ರತಿಯೊಂದನ್ನೂ ನೋಡಿ ಮತ್ತೆ ತುಂಬುತ್ತಿರಬೇಕು, ಸೆಕೆಂಡಿಗೆ ಸುಮಾರು ಹದಿನೈದು ಸಲ. ಕರೆಂಟ್ ಹೋದರೆ ತುಂಬುವವರು ಯಾರು? ಸೇವ್ ಮಾಡುವ ಮೊದಲೇ ಕರೆಂಟ್ ಹೋಗಿ ನಾನು ಟೈಪ್ ಮಾಡಿದ ಮೆಂತ್ಯದ ಹಿಟ್ಟಿನ ವಿವರ ಮೂರು ಸಲ ಮಾಯವಾದದ್ದು ಇದಕ್ಕೇ. 2 ಜಿ.ಬಿ. ಎಂದರೆ ಎಷ್ಟು ಕೊಡ ಎಂದು ಪುಟ್ಟ ನೋಟ್ ಪುಸ್ತಕದಲ್ಲಿ ಗುಣಿಸಿದ. 1024ರಿಂದ ಮೂರು ಸಲ ಗುಣಿಸಬೇಕು, ಆಮೇಲೆ ಎಂಟರಿಂದ, ಆಮೇಲೆ ಎರಡರಿಂದ. ಟೌನ್‌ಹಾಲ್ ಬರುವಷ್ಟರಲ್ಲಿ ಉತ್ತರ ಬಂತು. ಸಾವಿರದ ಏಳುನೂರು ಕೋಟಿಗೂ ಹೆಚ್ಚು. ನೀವೂ ಮಾಡಿ ನೋಡಿ.

ಟೌನ್‌ಹಾಲ್ ಹತ್ತಿರ ಇಳಿದು, ಗಾಡಿಗಳ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯಿಂದ ಒಳಗೆ ತಿರುಗಿದರೆ ಎಸ್.ಪಿ. ರಸ್ತೆ. ಪೂರ್ತಿ ಹೆಸರು ಸದರ್ ಪತ್ರಪ್ಪ ರಸ್ತೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಟ್ಟವರೆಲ್ಲ ಒಂದಲ್ಲ ಒಂದು ದಿನ ಬರುವ ಬೀದಿ. ಇಬ್ಬರು ಅಕ್ಕಪಕ್ಕ ನಡೆಯಲು ಜಾಗವಿಲ್ಲ, ಮಧ್ಯೆ ಕೈಗಾಡಿ, ತಲೆ ಮೇಲೆ ವೈರುಗಳ ಬಲೆ, ಪೆಟ್ಟಿಗೆಗಳನ್ನು ಹೊತ್ತವರು "ಸೈಡ್, ಸೈಡ್" ಎನ್ನುತ್ತ ಬರುತ್ತಾರೆ. ಪುಟ್ಟ ನನ್ನ ಕೈ ಹಿಡಿದುಕೊಂಡ. ಆ ವಾರದಲ್ಲಿ ಅದೇ ಮೊದಲು.

ಮೂರು ಅಂಗಡಿಗಳಲ್ಲಿ ಕೇಳಿದೆವು. ಮೊದಲನೆಯವರು ಹಳೆಯ ಪಟ್ಟಿ ನೋಡಿ, "ಇದು ಈಗ ಬರಲ್ಲ, ಬೋರ್ಡೇ ಬದಲಾಯಿಸಿ" ಎಂದರು. ಎರಡನೆಯವರು ಬಳಸಿದ್ದು ಇದೆ, ಅಗ್ಗಕ್ಕೆ ಕೊಡುತ್ತೇನೆ ಎಂದರು, ಬಿಲ್ ಇಲ್ಲ. ಮೂರನೆಯದು ಬಚ್ಚಲುಮನೆಯಷ್ಟು ಅಗಲದ ಅಂಗಡಿ. ಗಲ್ಲದ ಮೇಲಿದ್ದವರು ನನ್ನ ವಯಸ್ಸಿನವರೇ ಇರಬೇಕು. ಹಳೆಯ ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ಅದರ ಚೀಟಿ ಓದಿದರು. ಆಮೇಲೆ ನಾನು ಮೊದಲು ಕೊಂಡಿದ್ದನ್ನೂ ನೋಡಿದರು.

"ಅಮ್ಮ, ನಿಮ್ಮದು ಡಿ.ಡಿ.ಆರ್. 3. ಇದು ಡಿ.ಡಿ.ಆರ್. 4. ನಿಮ್ಮದಕ್ಕೆ 240 ಕಾಲು, ಇದಕ್ಕೆ 288. ತಪ್ಪಾಗಿ ಹಾಕಬಾರದು ಅಂತಲೇ ಕಚ್ಚು ಬೇರೆ ಕಡೆ ಇಟ್ಟಿರ್ತಾರೆ." ಲ್ಯಾಪ್‌ಟಾಪಿನ ಪಟ್ಟಿ ಇದರ ಅರ್ಧ ಉದ್ದ ಇರುತ್ತದೆ ಎಂದು ಒಂದನ್ನು ತೆಗೆದು ಪುಟ್ಟನ ಕೈಗೆ ಕೊಟ್ಟು ತೋರಿಸಿದರು. ನಾನು, ಬಂದದ್ದೇ ಬಂದೆವು, 8 ಜಿ.ಬಿ.ಯೇ ಹಾಕಿಸಿಬಿಡೋಣವೇ ಎಂದೆ. ಅವರು ಮಾರುವವರಾಗಿ ಹೂಂ ಎನ್ನಬಹುದಿತ್ತು. "ಏನೇನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ಟೈಪಿಂಗ್, ವಿಡಿಯೊ ನೋಡುವುದು, ಇವನ ಸ್ಕ್ರಾಚ್. "ಹಾಗಾದ್ರೆ ಇರೋ ಎರಡಕ್ಕೆ ನಾಲ್ಕು ಸೇರಿಸಿ, ಆರಾಗತ್ತೆ. ಸಾಕು. ಮಿಕ್ಕ ದುಡ್ಡಲ್ಲಿ ಮಗುಗೆ ಮಸಾಲೆ ದೋಸೆ ಕೊಡಿಸಿ."

ಪುಟ್ಟನಿಗೆ ಇನ್ನೊಂದು ಅನುಮಾನವಿತ್ತು. ಅಂಗಡಿಯಲ್ಲಿದ್ದದ್ದರ ವೇಗ 1600, ನಮ್ಮದು 1333. ಪರವಾಗಿಲ್ಲ, ಎರಡು ಎತ್ತು ಕಟ್ಟಿದ ಮೇಲೆ ಗಾಡಿ ನಿಧಾನದ ಎತ್ತಿನ ಹೆಜ್ಜೆಗೇ ಹೋಗುತ್ತದೆ ಎಂದರು ಅವರು. ಎರಡೂ 1333ರಲ್ಲೇ ಓಡುತ್ತವೆ, ನಷ್ಟವಿಲ್ಲ.

ಬಿಲ್ ಬರೆಯುತ್ತ, "ಕಂಪ್ಯೂಟರಿಗೆ ಬೇರೆ ಏನಾದರೂ ತೊಂದರೆ ಇದೆಯಾ?" ಎಂದು ಕೇಳಿದರು.

"ಕಂಪ್ಯೂಟರಿಗೆ ಏನೂ ಇಲ್ಲ" ಎಂದೆ. "ಇವನು ಆಟ ಆಡಿ ಹಾಳು ಮಾಡಿದ ಅಂದುಕೊಂಡು, ಇವನು ರಜೆಯೆಲ್ಲ ಕೂತು ಮಾಡಿದ್ದನ್ನ ಅಳಿಸಿಬಿಟ್ಟೆ. ಇವನದೇನೂ ತಪ್ಪಿರಲಿಲ್ಲ. ತಪ್ಪು ನಂದೇ."

ಮುಖ ನೋಡಿ ಹೇಳಲಾರದೆ ಗುರುತಿಲ್ಲದ ಅಂಗಡಿಯವರ ಎದುರು ಹೇಳಿದ್ದಾಯಿತು. ಅವರು ಬಿಲ್ಲಿನಿಂದ ತಲೆ ಎತ್ತಲಿಲ್ಲ, ಒಳ್ಳೆಯ ಮನುಷ್ಯ. ಪುಟ್ಟ ಗೋಡೆಗೆ ತೂಗುಹಾಕಿದ್ದ ಫ್ಯಾನುಗಳನ್ನು ಒಂದೊಂದಾಗಿ ಎಣಿಸುವವನ ಹಾಗೆ ನೋಡುತ್ತಿದ್ದ. 1,850 ರೂಪಾಯಿ, ಜಿಎಸ್‌ಟಿ ಸೇರಿ, ವಾರಂಟಿ ಬಿಲ್ಲಿನ ಮೇಲೆಯೇ ಬರೆದುಕೊಟ್ಟರು.

ದೋಸೆ ಅರ್ಧ ಮುಗಿದ ಮೇಲೆ ಪುಟ್ಟ ಬಾಯಿ ಬಿಟ್ಟ. "ಆ ಆಟದಲ್ಲಿ ಒಂದು ತಪ್ಪಿತ್ತು ಅಜ್ಜಿ. ಐದನೇ ಹಂತದಲ್ಲಿ ಬೆಕ್ಕು ಗೋಡೆ ಒಳಗೆ ಹೋಗಿಬಿಡ್ತಿತ್ತು. ಸರಿ ಮಾಡೋಕೇ ಆಗ್ತಿರಲಿಲ್ಲ."

"ಹೌದಾ?"

"ಹೂಂ. ಹೇಗಿದ್ರೂ ಮೊದಲಿಂದ ಮಾಡಬೇಕಿತ್ತು." ಇದು ನಿಜವೋ, ನನಗೋಸ್ಕರ ಹೇಳಿದ್ದೋ, ನಾನು ಕೇಳಲಿಲ್ಲ.

ಮನೆಗೆ ಬಂದು ಎರಡೂ ಪಟ್ಟಿಗಳನ್ನು ಕೂರಿಸಿದೆವು. ಗಾಡಿಯ ತುದಿಯ ಹಿಡಿಕೆಗಳನ್ನು ಹೊರಕ್ಕೆ ಬಾಗಿಸಿ, ಕಚ್ಚು ನೋಡಿಕೊಂಡು, ಎರಡು ಹೆಬ್ಬೆರಳಿನಿಂದ ಸಮನಾಗಿ ಒತ್ತಿದಾಗ ಹಿಡಿಕೆ ತಾನೇ ಟಕ್ಕೆಂದು ಮುಚ್ಚಿಕೊಂಡಿತು. ಕರೆಂಟ್ ಕೊಟ್ಟೆವು. ಪರದೆ ಕಪ್ಪು. ಡಬ್ಬದಿಂದ ಬೀಪ್, ಬೀಪ್, ಬೀಪ್. ನನ್ನ ಎದೆ ಧಸಕ್ಕೆಂದಿತು. ಮಗನ ಗುಜರಿಯ ಮಾತು ನೆನಪಾಯಿತು. ಪುಟ್ಟ ಹೆದರಲಿಲ್ಲ. ವೈರ್ ಕಿತ್ತು, ಕಬ್ಬಿಣ ಮುಟ್ಟಿ, ಹಳೆಯ ಪಟ್ಟಿ ಹೊರತೆಗೆದ. ಕಂಪಾಸ್ ಬಾಕ್ಸಿನಿಂದ ಪೆನ್ಸಿಲ್ ರಬ್ಬರ್ ತಂದು ಆ ಚಿನ್ನದ ಕಾಲುಗಳನ್ನು ಮೆಲ್ಲಗೆ ಉಜ್ಜಿದ. ಆರು ವರ್ಷದ ಕೊಳೆ ರಬ್ಬರಿಗೆ ಕಪ್ಪಗೆ ಹತ್ತಿಕೊಂಡಿತು. ಪುಡಿಯನ್ನು ಮೃದುವಾದ ಬ್ರಷ್ಷಿನಿಂದ ಒರೆಸಿ ಮತ್ತೆ ಕೂರಿಸಿದ. ಹೀಗೆ ಮಾಡಬೇಕೆಂದು ಎಸ್.ಪಿ. ರಸ್ತೆಯ ಆ ಹಿರಿಯರು, ನಾನು ಚಿಲ್ಲರೆ ಎಣಿಸುತ್ತಿದ್ದಾಗ, ಅವನ ಕಿವಿಯಲ್ಲಿ ಹೇಳಿಕೊಟ್ಟಿದ್ದರಂತೆ.

ಈ ಸಲ ಬೀಪ್ ಒಂದೇ. ಪರದೆ ಬೆಳಗಿತು. ನಾನು ಅಭ್ಯಾಸದಂತೆ ಹಾಲು ಕಾಯಿಸಲು ಎದ್ದೆ. ಹಾಲು ಉಕ್ಕುವ ಮೊದಲೇ ಪುಟ್ಟ ಕೂಗಿದ, "ಅಜ್ಜಿ, ಬಾ, ಆಯ್ತು!" ಟಾಸ್ಕ್ ಮ್ಯಾನೇಜರಿನಲ್ಲಿ 6 ಜಿ.ಬಿ. ಎಂದಿತ್ತು. ಎರಡರಲ್ಲಿ ಎರಡು. ಖರ್ಚಾಗಿದ್ದದ್ದು ಮೂರರಲ್ಲಿ ಒಂದು ಪಾಲು. ನುಡಿಯಲ್ಲಿ ಅಕ್ಷರಗಳು ನನ್ನ ಬೆರಳಿನ ಜೊತೆಯಲ್ಲೇ ಬಂದವು.

ಮೊದಲು ಕೊಂಡ ಆ 1,900 ರೂಪಾಯಿಯ ಪಟ್ಟಿ ಈಗಲೂ ನನ್ನ ಗುಂಡಿಗಳ ಡಬ್ಬಿಯಲ್ಲಿದೆ.

ದಸರಾ ರಜೆಯಲ್ಲಿ ಪುಟ್ಟ ಹೊಸ ಆಟ ಮುಗಿಸಿ, ಮೊದಲು ನಾನೇ ಆಡಬೇಕೆಂದು ಕೂರಿಸಿದ. ಅದೇ ಅಟ್ಟ, ಅದೇ ಬೆಕ್ಕು, ಇಲಿಗಳು. ಬೆಕ್ಕು ಗೋಡೆಯೊಳಗೆ ಹೋಗುತ್ತಿರಲಿಲ್ಲ. ಮೂರನೆಯ ಹಂತಕ್ಕೆ ಬರುವಷ್ಟರಲ್ಲಿ ಎಡಗಡೆಯಿಂದ ಕನ್ನಡಕ ಹಾಕಿಕೊಂಡ ಒಬ್ಬ ಮುದುಕಿ ಪೊರಕೆ ಹಿಡಿದು ಬಂದಳು. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಗುಡಿಸಿಕೊಂಡು ಹೋದಳು. ಬೆಕ್ಕನ್ನೂ.

"ಇವಳಿಂದ ತಪ್ಪಿಸಿಕೊಳ್ಳೋದು ಹೇಗೋ?" ಎಂದೆ.

"ತುಂಬ ಕಷ್ಟ ಅಜ್ಜಿ. ಆದ್ರೆ ಒಂದು ದೋಸೆ ಸಿಗತ್ತೆ ನೋಡು, ಅದನ್ನ ತಂದು ಅವಳ ಮುಂದೆ ಇಟ್ರೆ ನಿಂತುಬಿಡ್ತಾಳೆ."